ಇಳಿಜಾರು ಕಲಿಸಿದ ಸೊಬಗು

ಮಲೆನಾಡಿನ ಪಟ್ಟಣಗಳ ಅಂಚಿನಲ್ಲಿ ತಲೆಯೆತ್ತುತ್ತಿರುವ ಬಡಾವಣೆಗಳು ಸುತ್ತಲಿನ ನೋಟಕ್ಕೆ ಹೊಂದುವುದಿಲ್ಲವೆಂಬ ಅಸಮಾಧಾನ ಆಗಾಗ ಕೇಳಿಬರುತ್ತದೆ. ಎಲ್ಲ ಮನೆಗಳಿಗೂ ಒಂದೇ ಬಣ್ಣ, ಒಂದೇ ಬಗೆಯ ಕಾಂಪೌಂಡ್ ಇರಲೆಂಬ ಸಲಹೆಯೂ ಜೊತೆಗೇ ಬರುತ್ತದೆ. ಆದರೆ ಈ ಅಸಾಂಗತ್ಯದ ಮೂಲ ಬಣ್ಣಕ್ಕಿಂತ ಆಳದಲ್ಲಿದೆ.

ಹಳೆಯ ಕೇರಿಗಳಲ್ಲಿ ಯಾವ ಎರಡು ಮನೆಗಳೂ ಒಂದೇ ಅಳತೆಯವಲ್ಲ. ಆದರೂ ಒಂದೇ ಕುಟುಂಬದವರಂತೆ ಕಾಣುತ್ತವೆ. ಅವೆಲ್ಲವೂ ಒಂದೇ ಮಳೆಗೆ ತಲೆಬಾಗಿ ಕಟ್ಟಿದವು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಇಂಥ ಸೀಮೆಯಲ್ಲಿ ಮಾಡು ಇಳಿಜಾರಾಗಿರಬೇಕು, ಸೂರು ಗೋಡೆಯಿಂದಾಚೆ ಚಾಚಿರಬೇಕು. ಗೋಡೆಗೆ ನೆಲದಲ್ಲೇ ದೊರೆತ ಮಣ್ಣು, ಜಂಬಿಟ್ಟಿಗೆ. ಮಾಡಿಗೆ, 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಬಳಿಕ ಹಬ್ಬಿದ ಹೆಂಚು. ಹೀಗೆ ಮಣ್ಣಿನ ಬಣ್ಣವೇ ಊರಿನ ಬಣ್ಣವಾಯಿತು.

ಇಂದಿನ ಬಡಾವಣೆ ಬಯಲುಸೀಮೆಯ ನಕ್ಷೆಯನ್ನು ತಂದು ಗುಡ್ಡದ ಮೇಲೆ ಹಾಸುತ್ತದೆ. ನೇರ ರಸ್ತೆ, ಚೌಕ ನಿವೇಶನಗಳಿಗಾಗಿ ಜೆಸಿಬಿ ಗುಡ್ಡದ ಬುಡವನ್ನು ಲಂಬವಾಗಿ ಕಡಿಯುತ್ತದೆ. ಮನೆಗೆ ಚಪ್ಪಟೆ ತಾರಸಿ. ಅದು ಸೋರತೊಡಗಿದಾಗ ಮೇಲೊಂದು ತಗಡಿನ ಮಾಡು. ಬೇಡವೆಂದು ಬಿಟ್ಟ ಇಳಿಜಾರು ಇಮ್ಮಡಿ ಖರ್ಚಿನಲ್ಲಿ ಮರಳಿ ಬರುತ್ತದೆ.

ಕಣ್ಣಿಗೆ ಗಾಯದಂತೆ ಕಾಣುವ ಆ ಕೆಂಪು ಧರೆ ಅಪಾಯದ ಗುರುತೂ ಹೌದು. ಬುಡ ಕಡಿದ ಇಳಿಜಾರು ಆಧಾರ ಕಳೆದುಕೊಳ್ಳುತ್ತದೆ. ಇಂಗಿದ ನೀರು ಹೊರದಾರಿಯಿಲ್ಲದೆ ಮಣ್ಣಿನ ಭಾರ ಹೆಚ್ಚಿಸಿ ಬಿಗಿಯನ್ನು ಸಡಿಲಿಸುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಭೂಕುಸಿತಗಳಿಗೆ ಅತಿವೃಷ್ಟಿಯೊಂದಿಗೆ ಇಳಿಜಾರುಗಳನ್ನು ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿತು.

ಹಾಗೆಂದು ಹಳೆಯ ಮನೆಗಳ ನಕಲು ಬೇಕಿಲ್ಲ. ಅವುಗಳ ತೊಲೆ, ಕಂಬಗಳು ಕಾಡಿನಿಂದಲೇ ಬಂದವು. ಇಂದು ಹೆಂಚನ್ನು ಕಬ್ಬಿಣದ ಚೌಕಟ್ಟೂ ಹೊರಬಲ್ಲದು. ಸಾಮಗ್ರಿ ಬದಲಾಗಬಹುದು, ಮಳೆ ಮತ್ತು ಇಳಿಜಾರಿನೊಂದಿಗಿನ ಒಪ್ಪಂದ ಮುರಿಯಬಾರದು.

ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರಡಿ ರೂಪುಗೊಳ್ಳುವ ವಲಯ ನಿಯಮಗಳು ರಸ್ತೆಯ ಅಗಲ, ಕಟ್ಟಡದ ಎತ್ತರ, ಸುತ್ತ ಬಿಡಬೇಕಾದ ತೆರಪನ್ನು ಅಳೆಯುತ್ತವೆ. ಮಲೆನಾಡಿನಲ್ಲಿ ಬಡಾವಣೆಗೆ ಅನುಮತಿ ನೀಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ: ಇಳಿಜಾರು ಎಷ್ಟು ಕಡಿದು? ಧರೆಯ ಎತ್ತರವೆಷ್ಟು? ರಸ್ತೆ ಗುಡ್ಡದ ಮಟ್ಟವನ್ನು ಅನುಸರಿಸಿದೆಯೇ? ಮಳೆನೀರು ಯಾವ ಹಳ್ಳ ಸೇರುತ್ತದೆ? ಎಷ್ಟು ಮರಗಳು ಉಳಿಯುತ್ತವೆ?

ಪುರಸಭೆ, ಪಂಚಾಯಿತಿಗಳ ಸದಸ್ಯರೂ ಗ್ರಾಮಸಭೆಗೆ ಬರುವ ನಾಗರಿಕರೂ ಮುಂದಿನ ನಕ್ಷೆ ಮಂಜೂರಾಗುವ ಮೊದಲೇ ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಲಿ. ಧರೆ ಜರಿದ ಮೇಲೆ ಕೇಳುವ ಪ್ರಶ್ನೆಗೆ ಉತ್ತರಿಸುವವರು ಯಾರೂ ಇರುವುದಿಲ್ಲ.