ಕೈಗೂಸಿನ ತಾಯಿಯ ಹೆಸರೂ ಹಾಜರಿ ಪುಸ್ತಕದಲ್ಲಿರಲಿ

ಬಾಲ್ಯವಿವಾಹ ತಡೆದ ಸುದ್ದಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿರುತ್ತಾರೆ. ಸಿಡಿಪಿಒ, ಪಿಡಿಒ, ಪೊಲೀಸರು ಹಂದರದ ಮುಂದೆ ಬಂದಿಳಿಯುತ್ತಾರೆ. ಅಪ್ಪ-ಅವ್ವನ ಹತ್ತಿರ ಮುಚ್ಚಳಿಕೆ ಬರೆಸಿಕೊಂಡು ಹುಡುಗಿಯನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆದೊಯ್ಯುತ್ತಾರೆ. ಸುದ್ದಿ ಅಲ್ಲಿಗೆ ಮುಗಿಯಿತು. ಆ ಹುಡುಗಿ ಮತ್ತೆ ಶಾಲೆಗೆ ಹೋದಳೇ, ಆರು ತಿಂಗಳ ಮೇಲೆ ಬೇರೆ ಊರಿನಲ್ಲಿ ಸದ್ದಿಲ್ಲದೆ ತಾಳಿ ಕಟ್ಟಿಸಿಕೊಂಡಳೇ, ಎಸ್ಸೆಸ್ಸೆಲ್ಸಿ ಬರೆದಳೇ ಎಂದು ಯಾರೂ ವಿಚಾರಿಸುವುದಿಲ್ಲ. ಯಾರೂ ಫೋನ್ ಮಾಡದ ಮನೆಗಳ ಹುಡುಗಿಯರಂತೂ ಸುದ್ದಿಯಾಗುವುದೇ ಇಲ್ಲ. ಒಂಬತ್ತನೇ ತರಗತಿಯಲ್ಲಿದ್ದವಳು ದಸರಾ ರಜೆ ಮುಗಿದ ಮೇಲೆ ಬರುವುದಿಲ್ಲ. ವರ್ಷ ತಿರುಗುವುದರೊಳಗೆ ಕಂಕುಳಲ್ಲಿ ಕೂಸು.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಇಂಥ ಹುಡುಗಿಯರ ಪರವಾಗಿ ಒಂದು ಮಾತು ನೇರವಾಗಿ ಹೇಳಬೇಕಿದೆ. ಮದುವೆಯಾದ, ಬಸುರಿಯಾದ, ಹೆತ್ತ ಹುಡುಗಿಯನ್ನು ಹೈಸ್ಕೂಲು ಹುಡುಕಿಕೊಂಡು ಹೋಗಿ ವಾಪಸು ಕರೆತರಬೇಕು. ಹತ್ತನೇ ತರಗತಿ ಮುಗಿಯುವ ತನಕ ಅವಳ ಕೈ ಬಿಡಬಾರದು. ಆ ಹೊತ್ತಿನಲ್ಲಿ ಕೂಸನ್ನು ನೋಡಿಕೊಳ್ಳುವ ಹೊಣೆಯನ್ನು ಸರ್ಕಾರ ಹೊರಬೇಕು.

ಈ ಮಾತಿಗೆ ಎದುರಾಗುವ ಆಕ್ಷೇಪ ಯಾವುದೆಂದು ಇಲ್ಲಿಯ ಎಲ್ಲರಿಗೂ ಗೊತ್ತು. ‘ಬಾಣಂತಿನ ತಂದು ಕ್ಲಾಸಿನಾಗ ಕುಂದ್ರಿಸಿದ್ರ ಉಳಿದ ಹುಡುಗ್ಯಾರ ಗತಿ ಏನ್ರಿ?’ ಹೆಣ್ಣುಮಕ್ಕಳನ್ನು ಹೆತ್ತವರು, ಎಸ್‌ಡಿಎಂಸಿ ಹಿರಿಯರು, ಕೆಲವು ಮೇಷ್ಟ್ರುಗಳು ಹೀಗೆ ಕೇಳುತ್ತಾರೆ. ತಪ್ಪಿಗೆ ಸವಲತ್ತು ಕೊಟ್ಟರೆ ತಪ್ಪು ಹೆಚ್ಚುತ್ತದೆ ಎಂಬುದು ಅವರ ಭಯ. ಈ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗಳನ್ನು ಬಸ್ಸಿಗೆ ಹತ್ತಿಸಿ ಸಂಜೆವರೆಗೆ ದಾರಿ ಕಾಯುವ ತಾಯಿಯ ಎದೆಯಲ್ಲಿ ಹುಟ್ಟಿದ ಭಯ ಅದು. ಆದರೆ ಈ ವಾದ ಬಹಳ ವರ್ಷಗಳಿಂದ ಗೆಲ್ಲುತ್ತಲೇ ಬಂದಿದೆ, ಹೊರಗೆ ಹೋದ ಹುಡುಗಿ ಹೊರಗೇ ಉಳಿದಿದ್ದಾಳೆ. ಹಾಗಾದರೆ ಬಾಲ್ಯವಿವಾಹ ಕಡಿಮೆಯಾಗಬೇಕಿತ್ತಲ್ಲ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 20ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು 2015-16ರಲ್ಲಿ ಶೇ 21.4 ಇದ್ದರು, 2019-21ರಲ್ಲಿ ಶೇ 21.3. ಐದರಲ್ಲಿ ಒಬ್ಬಳು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿಯ ವರದಿಯ ಬೆನ್ನಿಗೆ ರಾಜ್ಯ 2016ರಲ್ಲಿ ತಿದ್ದುಪಡಿ ತಂದು ಬಾಲ್ಯವಿವಾಹವನ್ನು ಮೂಲದಲ್ಲೇ ಅಸಿಂಧು ಎಂದು ಸಾರಿತು. ಸಮೀಕ್ಷೆಗೆ ಸಿಕ್ಕ ಹಲವರ ಮದುವೆ ಅದಕ್ಕೂ ಮುಂಚೆ ಆಗಿರಬಹುದು, ಆದ್ದರಿಂದ ತಿದ್ದುಪಡಿಯಿಂದ ಫಲವೇ ಇಲ್ಲ ಎಂದು ಈ ಅಂಕಿ ಹಿಡಿದು ಹೇಳಲಾಗದು. ಆದರೆ ಹೆತ್ತವಳನ್ನು ಶಾಲೆಯಿಂದ ದೂರ ಇಟ್ಟಿದ್ದರಿಂದ ಉಳಿದವರು ಬಚಾವಾದರು ಎಂದು ಹೇಳಲು ಈ ಅಂಕಿಯಲ್ಲಿ ಏನೂ ಇಲ್ಲ.

ಅಷ್ಟಕ್ಕೂ ನಮ್ಮಲ್ಲಿ ಹುಡುಗಿಯರ ಮದುವೆಯನ್ನು ನಿರ್ಧರಿಸುವುದು ಪಕ್ಕದ ಬೆಂಚಿನ ಗೆಳತಿಯಲ್ಲ. ಹೊಸಪೇಟೆ ಒಂದನ್ನು ಬಿಟ್ಟರೆ ವಿಜಯನಗರ ಜಿಲ್ಲೆಯ ಉಳಿದ ತಾಲ್ಲೂಕುಗಳೆಲ್ಲ ಮೇಲೆ ಹೇಳಿದ ಐದೇ, ಇಲ್ಲಿಯ ಹೆಚ್ಚಿನ ಹೊಲ ಮಳೆಯನ್ನೇ ನಂಬಿದೆ. ಶೇಂಗಾ, ಮೆಕ್ಕೆಜೋಳ ಕೈಕೊಟ್ಟ ವರ್ಷ ತಾಂಡಾಗಳಿಗೆ ತಾಂಡಾಗಳೇ ಗುಳೆ ಹೊರಡುತ್ತವೆ. ಮಂಡ್ಯದ ಕಡೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಹದಿನಾಲ್ಕರ ಮಗಳನ್ನು ಜೊತೆಗೆ ಒಯ್ದರೆ ಶೆಡ್ಡಿನಲ್ಲಿ ಅವಳಿಗೆ ಭದ್ರತೆ ಇಲ್ಲ. ಅಜ್ಜಿಯ ಹತ್ತಿರ ಬಿಟ್ಟರೆ ಊರಿನ ಕಣ್ಣು. ಸೋದರಮಾವ ಇದ್ದಾನೆ, ಕೇಳುತ್ತಿದ್ದಾನೆ, ಕಟ್ಟಿಬಿಟ್ಟರೆ ಒಂದು ಚಿಂತೆ ಕಳೆಯಿತು. ಲೆಕ್ಕಾಚಾರ ಇಷ್ಟೇ. ಸಾಮೂಹಿಕ ವಿವಾಹದಲ್ಲಿ ವಯಸ್ಸಿನ ದಾಖಲೆ ಕೇಳುತ್ತಾರೆ ಎಂದು ಗೊತ್ತಿದ್ದವರು ಮನೆದೇವರ ಗುಡಿಯಲ್ಲೇ ಮುಗಿಸುತ್ತಾರೆ.

ಶಿಕ್ಷಣ ಹಕ್ಕು ಕಾಯ್ದೆ ಕೂಡ ಸರಿಯಾಗಿ ಈ ವಯಸ್ಸಿಗೇ ಕೈಬಿಡುತ್ತದೆ. 2009ರ ಆ ಕಾಯ್ದೆ ಆರರಿಂದ ಹದಿನಾಲ್ಕರವರೆಗೆ, ಎಂಟನೇ ತರಗತಿಯವರೆಗೆ. ಊರಿನ ಶಾಲೆ ಮುಗಿಯುವುದು, ಹೈಸ್ಕೂಲಿಗಾಗಿ ಬೇರೆ ಊರಿಗೆ ಓಡಾಟ ಶುರುವಾಗುವುದು, ಹುಡುಗಿ ದೊಡ್ಡವಳಾಗುವುದು, ಮನೆಯಲ್ಲಿ ಗಂಡಿನ ಮಾತು ಏಳುವುದು ಎಲ್ಲ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಎಂಟನೇ ತರಗತಿಗೆ ಕೊಡುತ್ತಿದ್ದ ಸೈಕಲ್ಲೂ ಕೋವಿಡ್ ಕಾಲದಿಂದ ನಿಂತುಹೋಯಿತು. 2023ರಿಂದ ಶಕ್ತಿ ಯೋಜನೆಯ ಉಚಿತ ಬಸ್ಸಿದೆ ನಿಜ, ಬಸ್ಸೇ ಹೋಗದ ತಾಂಡಾಕ್ಕೆ, ಹಟ್ಟಿಗೆ ಅದರಿಂದ ಏನು ಬಂತು?

ದೇವದಾಸಿ ತಾಯಂದಿರ ಮಕ್ಕಳ ಪಾಡು ಇದಕ್ಕಿಂತ ಒಂದು ಪಟ್ಟು ಹೆಚ್ಚು. ಮುತ್ತು ಕಟ್ಟಿ ದೇವದಾಸಿ ಮಾಡುವುದನ್ನು ನಿಷೇಧಿಸಿದ ಕಾಯ್ದೆ 1982ರದ್ದು. ಆದರೂ ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಊರುಗಳಲ್ಲಿ ಆ ಮನೆಗಳ ಮಕ್ಕಳು ಶಾಲೆಯ ಅರ್ಜಿಯ ‘ತಂದೆಯ ಹೆಸರು’ ಎಂಬ ಸಾಲಿನ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ಎರಡು ತಲೆಮಾರಿನ ಶಿಕ್ಷಕರು ಕಂಡಿದ್ದಾರೆ. ದೇವದಾಸಿ ಪದ್ಧತಿ ಕುರಿತು 2025ರಲ್ಲಿ ವಿಧಾನಸಭೆ ಅಂಗೀಕರಿಸಿದ ಹೊಸ ಮಸೂದೆ ಈ ಮಕ್ಕಳ ಹಕ್ಕಿನ ಮಾತಾಡಿದೆ. ತಾಯಿಗೆ ಆದ ಅನ್ಯಾಯ ಮಗಳ ಓದನ್ನೂ ನುಂಗದಂತೆ ನೋಡಿಕೊಳ್ಳುವ ಕೆಲಸ ಮಾತ್ರ ಶಾಲೆಯ ಹೊಸ್ತಿಲಲ್ಲೇ ಆಗಬೇಕು.

ಇನ್ನು ಸರ್ಕಾರದ ಯೋಜನೆಗಳನ್ನು ಒಮ್ಮೆ ಈ ಹುಡುಗಿಯ ಜಾಗದಲ್ಲಿ ನಿಂತು ನೋಡಿ. 2006ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಬಾಂಡಿನ ಹಣ ಹದಿನೆಂಟು ತುಂಬಿದ ಮೇಲೆ ಕೈಗೆ ಬರುತ್ತದೆ, ಅದಕ್ಕೂ ಮುಂಚೆ ಮದುವೆ ಆಗಿರಬಾರದು ಎಂಬ ಷರತ್ತಿದೆ. ಮದುವೆ ತಡೆಯಲು ಹಾಕಿದ ಷರತ್ತು ಅದು, ಉದ್ದೇಶ ಒಳ್ಳೆಯದೇ. ಆದರೆ ತಡೆಯಲಾಗಲಿಲ್ಲ ಎಂದಾಗ ದಂಡ ತೆರುವವಳು ಹುಡುಗಿ. ಮದುವೆ ಮಾಡಿದವರು ಹಿರಿಯರು, ಬಾಂಡು ಕಳೆದುಕೊಂಡವಳು ಅವಳು. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ಹಣಕ್ಕೂ ಕನಿಷ್ಠ ವಯಸ್ಸಿನ ಮಿತಿಯಿದೆ, ಹದಿನಾರು-ಹದಿನೇಳರ ಬಸುರಿಗೆ ಅದು ಸಿಗದು. ಹಾಲು, ಮೊಟ್ಟೆ, ಔಷಧಿ ಎಲ್ಲರಿಗಿಂತ ಹೆಚ್ಚು ಬೇಕಾದ ಎಳೆಯ ಮೈಯನ್ನೇ ಯೋಜನೆ ಹೊರಗಿಟ್ಟಿತು. ‘ಕೂಸಿನ ಮನೆ’ ಯೋಜನೆಯನ್ನು ನೋಡಿ. ಉದ್ಯೋಗ ಖಾತರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ಶಿಶುಪಾಲನಾ ಕೇಂದ್ರ ತೆರೆಯುವುದಾಗಿ 2023ರಲ್ಲಿ ರಾಜ್ಯ ಹೇಳಿತು. ಬಹಳ ಒಳ್ಳೆಯ ಕೆಲಸ, ಮನಸಾರೆ ಮೆಚ್ಚುತ್ತೇನೆ. ಗುದ್ದಲಿ ಹಿಡಿದ ತಾಯಿಯ ಕೂಸಿಗೆ ಅಲ್ಲಿ ತೊಟ್ಟಿಲಿದೆ ಎಂದ ಮೇಲೆ ಪುಸ್ತಕ ಹಿಡಿದ ತಾಯಿಯ ಕೂಸಿಗೂ ಅದೇ ತೊಟ್ಟಿಲು ಯಾಕಿಲ್ಲ? ಪಂಚಾಯಿತಿ, ಕೋಣೆ, ಆರೈಕೆ ಮಾಡುವ ಹೆಂಗಸರು ಎಲ್ಲ ಅವೇ. ಬೇಕಾದದ್ದು ಆದೇಶದಲ್ಲಿ ಇನ್ನೊಂದು ಸಾಲು.

ರಜೆಯ ವಿಷಯವೂ ಹೀಗೇ. ಹೈಸ್ಕೂಲಿನ ಮೇಡಂಗೆ 180 ದಿನ ಹೆರಿಗೆ ರಜೆ ಇದೆ, ಇರಲೇಬೇಕು. ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ ಮತ್ತು ಹಾಜರಾತಿ ವಿನಾಯಿತಿಗೆ ನಿಯಮ ಮಾಡಿ ಎಂದು ಯುಜಿಸಿ 2021ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಬರೆಯಿತು. ಒಂಬತ್ತನೇ ತರಗತಿಯ ಬಾಣಂತಿಗೆ ಮಾತ್ರ ಶೇ 75ರ ಹಾಜರಾತಿಯ ಗೋಡೆ. ‘ಶಾಲೆಗೆ ಬರಬೇಡ’ ಎಂದು ಯಾವ ಕಾಯ್ದೆಯೂ ಅವಳಿಗೆ ಹೇಳಿಲ್ಲ, ಹೇಳುವ ಅಗತ್ಯವೂ ಬೀಳುವುದಿಲ್ಲ. ಹಾಜರಾತಿ ಕಡಿಮೆಯಾಯಿತು, ಹೆಸರು ಹೊಡೆದರು, ಮುಗಿಯಿತು.

ಹೆಸರು ಹೊಡೆಯುವುದಕ್ಕೆ ಇನ್ನೊಂದು ಒತ್ತಡವೂ ಇದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಯಾವ ಜಿಲ್ಲೆ ಎಷ್ಟನೇ ಸ್ಥಾನ ಎಂಬುದೇ ದೊಡ್ಡ ಚರ್ಚೆ. 2024ರಲ್ಲಿ ವೆಬ್‌ಕಾಸ್ಟಿಂಗ್ ಬಂದು ಫಲಿತಾಂಶ ಕುಸಿದಾಗ ಕೃಪಾಂಕದ ಗದ್ದಲ, 2025ರಲ್ಲಿ ಪಾಸಿನ ಅಂಕವನ್ನು 35ರಿಂದ 33ಕ್ಕೆ ಇಳಿಸುವ ಗದ್ದಲ. ಇವುಗಳಲ್ಲೆಲ್ಲ ಒಂದು ಸಂಗತಿ ಮರೆಯಾಗುತ್ತದೆ. ಶೇಕಡಾವಾರು ಲೆಕ್ಕ ಹಾಕುವುದು ಪರೀಕ್ಷೆಗೆ ಕೂತವರಲ್ಲಿ. ಕೂರದೇ ಹೋದವಳು ಫೇಲೂ ಅಲ್ಲ, ಪಾಸೂ ಅಲ್ಲ, ಲೆಕ್ಕದಲ್ಲೇ ಇಲ್ಲ. ಕಷ್ಟದಲ್ಲಿರುವ ಹುಡುಗಿಯನ್ನು ಉಳಿಸಿಕೊಂಡ ಹೆಡ್‌ಮಾಸ್ಟರ ಶಾಲೆಯ ಫಲಿತಾಂಶ ಇಳಿಯಬಹುದು, ಕಳಿಸಿಬಿಟ್ಟವರದು ಏರಬಹುದು. ಈ ಅಳತೆಗೋಲನ್ನು ಬದಲಿಸದೆ ಶಿಕ್ಷಕರನ್ನಷ್ಟೇ ಬೈಯುವುದು ನ್ಯಾಯವಲ್ಲ. ಎಂಟನೇ ತರಗತಿಗೆ ಸೇರಿದವರಲ್ಲಿ ಎಷ್ಟು ಮಂದಿ ಹತ್ತನೇ ತರಗತಿ ಮುಗಿಸಿದರು ಎಂಬುದರ ಮೇಲೆ ಶಾಲೆಗೆ ಬೆನ್ನು ತಟ್ಟಿ, ಆಗ ಅದೇ ಹೆಡ್‌ಮಾಸ್ಟರು ಸ್ಕೂಟರ್ ಏರಿ ತಾಂಡಾಕ್ಕೆ ಹೋಗುತ್ತಾರೆ.

ಪೋಕ್ಸೊ ವಿಷಯ ಬಂದಾಗ ಮಾತು ತೂಗಿ ಆಡಬೇಕು. ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಕಠಿಣ ಕಾಯ್ದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಹದಿನೆಂಟರೊಳಗಿನ ಹೆಂಡತಿಯ ಜೊತೆಗಿನ ಸಂಬಂಧವೂ ಅತ್ಯಾಚಾರವೇ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದ್ದೂ ಸರಿ. ಆದರೆ ಬಸುರಿ ಹುಡುಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಅವರ ಮೇಲೇ ಕೇಸು. ಇದು ಊರಿಗೆಲ್ಲ ಗೊತ್ತಾದಂತೆ ಕೆಲವು ಮನೆಗಳು ತಾಯಿ ಕಾರ್ಡನ್ನೇ ಮಾಡಿಸುವುದಿಲ್ಲ, ಆಶಾ ಕಾರ್ಯಕರ್ತೆ ಬಂದರೆ ‘ಊರಿಗೆ ಹೋಗ್ಯಾಳ’ ಅನ್ನುತ್ತಾರೆ. ಆಸ್ಪತ್ರೆಗೇ ಹೆದರಿ ಬಚ್ಚಿಟ್ಟುಕೊಂಡವಳು ಶಾಲೆಗೆ ಬರುತ್ತಾಳೆಯೇ? ಹುಡುಗ ಹತ್ತೊಂಬತ್ತರ ಹಮಾಲನೋ ಟ್ರ್ಯಾಕ್ಟರ್ ಚಾಲಕನೋ ಆಗಿದ್ದರೆ ಅವನು ಜೈಲಿನಲ್ಲಿ, ಹುಡುಗಿ ಬಾಲಮಂದಿರದಲ್ಲಿ, ಕೂಸು ಯಾರದೋ ಕೈಯಲ್ಲಿ. ಹದಿನೇಳಕ್ಕೆ ತಂದೆಯಾಗಿ ಓದು ಬಿಟ್ಟು ಮೂಟೆ ಹೊರುವ ಹುಡುಗನ ಬಗ್ಗೆಯಂತೂ ಯಾರೂ ಮಾತೇ ಆಡುವುದಿಲ್ಲ. ಅವನಿಗೂ ಎಸ್ಸೆಸ್ಸೆಲ್ಸಿ ಬೇಕು. ಐಟಿಐನ ಹೆಚ್ಚಿನ ಕೋರ್ಸುಗಳು ಸೇರಿ ಅವನ ಮುಂದಿನ ಹಲವು ಬಾಗಿಲುಗಳು ಆ ಅಂಕಪಟ್ಟಿಯನ್ನೇ ಕೇಳುತ್ತವೆ.

ಈ ಬಿಕ್ಕಟ್ಟಿನ ನಡುವೆ ಸುಪ್ರೀಂ ಕೋರ್ಟಿನ ಒಂದು ಆದೇಶ ದಾರಿ ತೋರಿಸಿದೆ. ಪಶ್ಚಿಮ ಬಂಗಾಳದಲ್ಲಿ ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟುಹೋಗಿ ತಾಯಿಯಾದ ಹುಡುಗಿಯ ಪ್ರಕರಣ ಅದು. ನ್ಯಾಯಮೂರ್ತಿಗಳಾದ ಅಭಯ್ ಎಸ್. ಓಕಾ ಮತ್ತು ಉಜ್ಜಲ್ ಭುಯಾನ್ ಅವರ ಪೀಠ ಆರೋಪಿ ತಪ್ಪಿತಸ್ಥನೆಂಬ ತೀರ್ಪನ್ನು ಎತ್ತಿಹಿಡಿದಿತ್ತು. ಆದರೆ ಅವಳ ಬದುಕು ಏನಾಗಿದೆ ಎಂದು ತಜ್ಞರ ಸಮಿತಿಯಿಂದ ತಿಳಿದುಕೊಂಡ ಮೇಲೆ, 2025ರ ಮೇ 23ರಂದು 142ನೇ ವಿಧಿಯ ವಿಶೇಷಾಧಿಕಾರ ಬಳಸಿ ಶಿಕ್ಷೆ ವಿಧಿಸಲಿಲ್ಲ. ಸಮಾಜ, ತವರು, ಕಾನೂನು ವ್ಯವಸ್ಥೆ ಎಲ್ಲವೂ ಅವಳನ್ನು ಸೋಲಿಸಿದವು ಎಂದು ಒಪ್ಪಿಕೊಂಡಿತು. ಹತ್ತನೇ ತರಗತಿಯವರೆಗೆ, ಅವಳು ಬಯಸಿದರೆ ಪದವಿಯವರೆಗೆ ಓದಿನ ಖರ್ಚನ್ನು ರಾಜ್ಯವೇ ಭರಿಸಲಿ, ಕೂಸಿನ ಓದಿಗೂ ನೆರವಾಗಲಿ ಎಂದಿತು. ಆ ಒಂದು ಪ್ರಕರಣದ ವಿಶೇಷ ಸ್ಥಿತಿಗಾಗಿ ಕೊಟ್ಟ ಆದೇಶ ಅದು, ಶಿಕ್ಷೆಯ ವಿಷಯದಲ್ಲಿ ಎಲ್ಲರಿಗೂ ಅನ್ವಯಿಸಬೇಕೆಂದು ನಾನೂ ಕೇಳುವುದಿಲ್ಲ. ಓದಿನ ವಿಷಯದಲ್ಲಿ ಮಾತ್ರ ಕೇಳುತ್ತೇನೆ. ಸುಪ್ರೀಂ ಕೋರ್ಟಿನವರೆಗೆ ಹೋದ ಹುಡುಗಿಗೆ ಸಿಕ್ಕದ್ದು, ಕೋರ್ಟಿನ ಮೆಟ್ಟಿಲನ್ನೇ ಕಾಣದ ಹಗರಿಬೊಮ್ಮನಹಳ್ಳಿಯ ಹುಡುಗಿಗೆ ಯಾಕೆ ಸಿಗಬಾರದು?

ಅದೇ ವರ್ಷದ ಆಗಸ್ಟ್‌ನಲ್ಲಿ ಯಾದಗಿರಿ ಜಿಲ್ಲೆಯ ಶಹಾಪುರದ ವಸತಿ ಶಾಲೆಯಲ್ಲಿ ಒಂಬತ್ತನೇ ತರಗತಿಯ ಬಾಲಕಿಯೊಬ್ಬಳು ಶೌಚಾಲಯದಲ್ಲಿ ಹೆತ್ತಳು. ಸಿಬ್ಬಂದಿ ಅಮಾನತಾದರು, ಪ್ರಕರಣ ದಾಖಲಾಯಿತು, ಟಿ.ವಿ.ಯಲ್ಲಿ ಎರಡು ದಿನ ಕೂಗಾಡಿದರು. ಹೊಣೆಗಾರರ ವಿಚಾರಣೆ ಆಗಲೇಬೇಕಿತ್ತು. ಆದರೆ ಆ ಕೂಗಾಟದಲ್ಲಿ ಅವಳು ಇನ್ನು ಎಲ್ಲಿ ಓದುತ್ತಾಳೆ ಎಂಬ ಪ್ರಶ್ನೆ ನನ್ನ ಕಿವಿಗೆ ಬೀಳಲಿಲ್ಲ.

ನಮಗಿಂತ ಬಡ ದೇಶಗಳು ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡಿವೆ. ಸಿಯೆರಾ ಲಿಯೋನ್ ಬಸುರಿ ವಿದ್ಯಾರ್ಥಿನಿಯರಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ಪಶ್ಚಿಮ ಆಫ್ರಿಕಾದ ಪ್ರಾದೇಶಿಕ ನ್ಯಾಯಾಲಯ ಅದನ್ನು ತಪ್ಪೆಂದ ಮೇಲೆ 2020ರಲ್ಲಿ ನಿಷೇಧ ತೆಗೆಯಿತು. ಮರುವರ್ಷ ತಾಂಜಾನಿಯ ಕೂಡ ಅದೇ ದಾರಿ ಹಿಡಿಯಿತು. ಅಲ್ಲಿಯೂ ‘ಉಳಿದ ಹುಡುಗಿಯರು ಕೆಡುತ್ತಾರೆ’ ಎಂದೇ ವಾದಿಸುತ್ತಿದ್ದರು.

ದುಡ್ಡಿಲ್ಲ ಎಂಬ ಮಾತನ್ನು ಈ ಐದು ತಾಲ್ಲೂಕುಗಳ ಮಟ್ಟಿಗೆ ಯಾರೂ ಆಡಬಾರದು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಇಲ್ಲಿಗೆ ಅನ್ವಯಿಸುತ್ತದೆ. ದಾವಣಗೆರೆ ಜಿಲ್ಲೆಯಲ್ಲಿದ್ದ ಹರಪನಹಳ್ಳಿಯನ್ನು ಜನ ಹೋರಾಡಿ 2018ರಲ್ಲಿ, ಆಗ ಉಳಿದ ತಾಲ್ಲೂಕುಗಳೂ ಇದ್ದ ಬಳ್ಳಾರಿಗೆ ಮರಳಿಸಿಕೊಂಡದ್ದೇ ಈ ಸವಲತ್ತಿಗಾಗಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್ಟಿನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಅದರಲ್ಲಿ ಕಟ್ಟಡಕ್ಕೆ, ರಸ್ತೆಗೆ ಹೋಗುವ ಪಾಲಿನ ಒಂದು ಚೂರು ಸಾಕು. ಹೈಸ್ಕೂಲಿಗೆ ಹತ್ತಿರದ ಅಂಗನವಾಡಿಯಲ್ಲಿ ಒಬ್ಬ ಹೆಚ್ಚುವರಿ ಆಯಾ, ಹಾಲೂಡಿಸಲು ಬಾಗಿಲಿರುವ ಒಂದು ಕೋಣೆ, ಬಸ್ಸಿಲ್ಲದ ತಾಂಡಾದಿಂದ ಒಂದು ಟಂಟಂ. ತರಗತಿಗೆ ಬರಲು ಆಗದವಳಿಗೆ ಖಾಸಗಿ ಅಭ್ಯರ್ಥಿಯಾಗಿ ಕೂರುವ ದಾರಿಯಿದೆ, ರಾಷ್ಟ್ರೀಯ ಮುಕ್ತ ಶಾಲೆಯಿದೆ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿರುವುದರಿಂದ ಮಾರ್ಚ್‌ನಲ್ಲಿ ಹೆರಿಗೆಯಾದರೂ ಇಡೀ ವರ್ಷ ಕಾಯಬೇಕಿಲ್ಲ. ಇದನ್ನು ಅವಳ ಅತ್ತೆಮನೆಯ ಅಂಗಳಕ್ಕೆ ಹೋಗಿ, ಅತ್ತೆಯನ್ನೂ ಕೂರಿಸಿಕೊಂಡು ಹೇಳುವ ಜನ ಬೇಕು, ಫಾರಂ ತುಂಬಿಸಿ ಶುಲ್ಕ ಕಟ್ಟುವ ಜನ ಬೇಕು. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಇಂಥ ಹುಡುಗಿ ಇದ್ದಾಳೆಂದು ಗೊತ್ತು. ಆ ಕೆಲಸಕ್ಕೆ ಪ್ರತ್ಯೇಕ ಗೌರವಧನ ಕೊಟ್ಟು ಕೇಳಿ, ಈಗಿನ ಹೊರೆಯ ಮೇಲೆ ಇನ್ನೊಂದು ಹೊರೆಯಾಗಿ ಹೇರಬೇಡಿ.

ಬಾಲ್ಯವಿವಾಹ ತಡೆದ ಸಂಖ್ಯೆಯನ್ನು ಜಿಲ್ಲಾಧಿಕಾರಿಗಳ ಸಭೆಯಲ್ಲಿ ಇಲಾಖೆಯವರು ಓದುತ್ತಾರೆ. ವಿಜಯನಗರ ಜಿಲ್ಲಾಡಳಿತ ಮುಂದಿನ ಸಭೆಯಿಂದಲೇ ಆ ಪಟ್ಟಿಗೆ ಇನ್ನೆರಡು ಕಾಲಂ ಸೇರಿಸಲಿ. ಮದುವೆ ನಿಂತ ಹುಡುಗಿಯರಲ್ಲಿ ಇಂದು ಎಷ್ಟು ಮಂದಿ ತರಗತಿಯಲ್ಲಿದ್ದಾರೆ, ಮದುವೆ ನಿಲ್ಲಿಸಲಾಗದವರಲ್ಲಿ ಎಷ್ಟು ಮಂದಿ ಈ ಸಲ ಎಸ್ಸೆಸ್ಸೆಲ್ಸಿಗೆ ಅರ್ಜಿ ಹಾಕಿದ್ದಾರೆ. ಹೆಸರು ಗೋಪ್ಯವಾಗಿರಲಿ, ಸಂಖ್ಯೆ ಮಾತ್ರ ತಾಲ್ಲೂಕುವಾರು ಪ್ರಕಟವಾಗಲಿ. ಐದೂ ತಾಲ್ಲೂಕುಗಳ ಬಿಇಒ ಮತ್ತು ಸಿಡಿಪಿಒ ಒಂದೇ ಮೇಜಿನಲ್ಲಿ ಕೂತು ಅದಕ್ಕೆ ಸಹಿ ಹಾಕಲಿ. ಪರೀಕ್ಷೆಯ ನೋಂದಣಿ ಮುಗಿಯುವುದರೊಳಗೆ ಮೊದಲ ಪಟ್ಟಿ ಹೊರಬರಬೇಕು.