ಎಷ್ಟು ಉಣ್ಣಬೇಕೆಂದು ತೀರ್ಮಾನಿಸುವವರು ಯಾರು?

ತೂಕ ಇಳಿಸಬೇಕೆಂದು ಹೊರಟವರಿಗೆ ಮೊದಲು ಸಿಗುವ ಉಪದೇಶ, ಹೋಟೆಲಿನ ಕಡೆ ತಲೆ ಹಾಕಬೇಡಿ ಎಂಬುದು. ಮನೆಯಲ್ಲಿ ಬೇಯಿಸಿ ಬಡಿಸುವವರಿದ್ದು, ಕೂತು ಉಣ್ಣಲು ಹೊತ್ತೂ ಇರುವವರಿಗೆ ಈ ಮಾತು ನಡೆದೀತು. ಪೀಣ್ಯದ ಕಾರ್ಖಾನೆಯಲ್ಲೋ ವೈಟ್‌ಫೀಲ್ಡಿನ ಕಚೇರಿಯಲ್ಲೋ ದುಡಿಯುತ್ತ, ಬಾಡಿಗೆ ಕೋಣೆಯಲ್ಲೋ ಪಿ.ಜಿ.ಯಲ್ಲೋ ಮಲಗೆದ್ದು, ದರ್ಶಿನಿ, ಮೆಸ್ಸು, ಮಿಲಿಟರಿ ಹೋಟೆಲುಗಳನ್ನೇ ಅಡುಗೆಮನೆ ಮಾಡಿಕೊಂಡವರಿಗೆ ಅದು ಉಪಯೋಗಕ್ಕೆ ಬಾರದ ಮಾತು. ಉಳಿದವರಿಗೂ ಪ್ರಯಾಣವಿದೆ, ಹುಟ್ಟುಹಬ್ಬವಿದೆ, ಗೆಳೆಯರ ಕೂಟವಿದೆ. ತೂಕ ಇಳಿಸುವುದು, ಇಳಿದದ್ದನ್ನು ಉಳಿಸಿಕೊಳ್ಳುವುದು ವರ್ಷಗಟ್ಟಲೆಯ ಕೆಲಸ. ಅಷ್ಟು ಕಾಲವೂ ಹೋಟೆಲಿನ ಮೆಟ್ಟಿಲು ಹತ್ತಬಾರದೆನ್ನುವ ಪಥ್ಯ ಮೊದಲ ಔತಣಕ್ಕೇ ಮುರಿದುಬೀಳುತ್ತದೆ. ಹಾಗಾಗಿ ಹೋಟೆಲಿಗೆ ಹೋಗಬೇಕೋ ಬೇಡವೋ ಎಂಬ ಚರ್ಚೆಯನ್ನು ಬದಿಗಿಟ್ಟು, ಅಲ್ಲಿನ ಊಟ ತೂಕ ಏರಿಸುವುದು ಹೇಗೆ ಎಂದು ನೋಡುವುದು ಮೇಲು. ನನ್ನ ವಾದ ಇಷ್ಟು: ಎಷ್ಟು ಉಣ್ಣಬೇಕೆಂಬ ತೀರ್ಮಾನ ಉಣ್ಣುವವರ ಕೈತಪ್ಪಿ ಅಡುಗೆಮನೆಗೆ ಹೋಗಿದೆ; ಅದು ಮರಳಿ ಉಣ್ಣುವವರ ಕೈಗೆ ಬರದ ಹೊರತು ಉಳಿದ ಯಾವ ಉಪದೇಶವೂ ಹೆಚ್ಚು ದಿನ ನಿಲ್ಲದು.

ಇದಕ್ಕೆ ಆಧಾರವನ್ನು ದೂರ ಹುಡುಕಬೇಕಿಲ್ಲ. 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಅಧ್ಯಯನ ಪ್ರಕಟಿಸಿತು. ಬ್ರೆಜಿಲ್, ಚೀನಾ, ಫಿನ್ಲೆಂಡ್, ಘಾನಾ ಮತ್ತು ಭಾರತ, ಈ ಐದು ದೇಶಗಳಲ್ಲಿ ಜನ ಹೆಚ್ಚಾಗಿ ಕೊಳ್ಳುವ ಹೋಟೆಲ್ ಊಟಗಳನ್ನು ತಂದು, ಅವುಗಳಲ್ಲಿರುವ ಶಕ್ತಿಯನ್ನು ಪ್ರಯೋಗಾಲಯದಲ್ಲಿ ಅಳೆದ ಅಧ್ಯಯನ ಅದು. ಭಾರತದ ಮಾದರಿಗಳು ಬಂದದ್ದು ಬೆಂಗಳೂರಿನಿಂದ. ನಮ್ಮ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅದರಲ್ಲಿ ಪಾಲುಗೊಂಡಿದ್ದರು. ಒಂದು ಹೊತ್ತಿನ ಊಟಕ್ಕೆ 600 ಕ್ಯಾಲೊರಿಯನ್ನು ಮಿತಿಯೆಂದು ಇಟ್ಟುಕೊಂಡರೆ, ಕೂತು ಉಣ್ಣುವ ಹೋಟೆಲುಗಳ ಊಟಗಳಲ್ಲಿ ನೂರಕ್ಕೆ 94 ಅದನ್ನು ಮುಟ್ಟಿದ್ದವು ಅಥವಾ ಮೀರಿದ್ದವು. ಫಾಸ್ಟ್‌ಫುಡ್ ಊಟಗಳಲ್ಲಿ ಈ ಪ್ರಮಾಣ ನೂರಕ್ಕೆ 72. ದೊಡ್ಡ ತಟ್ಟೆಗೆ ಹೆಸರಾದ ಅಮೆರಿಕದ ಊಟದೊಂದಿಗೆ ಹೋಲಿಸಿದಾಗ ಅದಕ್ಕಿಂತ ಕಡಿಮೆ ಎಂದು ಸ್ಪಷ್ಟವಾಗಿ ತೋರಿದ್ದು ಚೀನಾದ ಊಟ ಮಾತ್ರ. ಹೋಟೆಲಿನ ಊಟವೊಂದು, ಫಾಸ್ಟ್‌ಫುಡ್ ಊಟವೊಂದು, ದಿನಕ್ಕೆ ಇವೆರಡನ್ನೇ ಉಂಡರೂ, ಹೆಚ್ಚು ಓಡಾಟವಿಲ್ಲದ ಹೆಂಗಸೊಬ್ಬರ ಇಡೀ ದಿನದ ಅಗತ್ಯದ ಶೇ. 70ರಿಂದ 120ರಷ್ಟು ಅವುಗಳಿಂದಲೇ ತುಂಬುತ್ತದೆ ಎಂದು ಆ ತಂಡ ಲೆಕ್ಕ ಹಾಕಿತು. ಕಾಫಿ, ಸಿಹಿ, ಸಂಜೆಯ ಬಜ್ಜಿ ಈ ಲೆಕ್ಕದ ಹೊರಗೆ. ಪಿಜ್ಜಾ ಬರ್ಗರುಗಳೇ ಬೊಜ್ಜಿಗೆ ಕಾರಣ, ನಮ್ಮ ಊಟ ನಿರಪರಾಧಿ ಎಂಬ ನೆಮ್ಮದಿಗೆ ಈ ಅಂಕಿಗಳಲ್ಲಿ ಜಾಗವಿಲ್ಲ.

ಇದರಿಂದ ಭಾರತೀಯ ಅಡುಗೆಯೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬರುವುದು ತಪ್ಪು. ಇಡ್ಲಿ ಮತ್ತು ದೋಸೆ ಎರಡೂ ಅಕ್ಕಿ, ಉದ್ದಿನಬೇಳೆಯ ಹುದುಗಿದ ಹಿಟ್ಟಿನ ಮಕ್ಕಳು. ಒಂದು ಹಬೆಯಲ್ಲಿ ಬೇಯುತ್ತದೆ, ಇನ್ನೊಂದು ಕಾವಲಿಯ ಮೇಲೆ ಎಣ್ಣೆ, ತುಪ್ಪ, ಕೆಲವೆಡೆ ಬೆಣ್ಣೆಯನ್ನೂ ಕುಡಿದು ಗರಿಯಾಗುತ್ತದೆ. ವ್ಯತ್ಯಾಸವೆಲ್ಲ ಅಲ್ಲಿದೆ. ಪಿಷ್ಟವಾಗಲಿ ಪ್ರೋಟೀನಾಗಲಿ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಬೆಂದ ಅನ್ನ 100 ಗ್ರಾಂ ಉಂಡರೆ ಸುಮಾರು 130 ಕ್ಯಾಲೊರಿ. ಎಣ್ಣೆ ಒಂದೇ ದೊಡ್ಡ ಚಮಚಕ್ಕೆ ಸುಮಾರು 120. ಅನ್ನ ಕಣ್ಣಿಗೆ ಕಾಣುತ್ತದೆ, ಹೊಟ್ಟೆಗೂ ತಿಳಿಯುತ್ತದೆ. ಗ್ರೇವಿಯಲ್ಲಿ ಕರಗಿದ ಎಣ್ಣೆ ಎರಡಕ್ಕೂ ತಿಳಿಯುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಆಹಾರಕ್ಕೆ ಎಣ್ಣೆ, ತುಪ್ಪದ ಪಾಲು 27 ಗ್ರಾಂ, ಅಂದರೆ ಇಡೀ ದಿನಕ್ಕೆ ಎರಡು ದೊಡ್ಡ ಚಮಚ. ನಾವು ‘ನಾರ್ತ್ ಇಂಡಿಯನ್’ ಎಂದು ಕರೆಯುವ ಹೋಟೆಲ್ ಊಟ ಈ ಲೆಕ್ಕಕ್ಕೆ ಸಿಕ್ಕುವಂಥದ್ದಲ್ಲ. ಬಟರ್ ಚಿಕನ್, ದಾಲ್ ಮಖನಿ ಹೆಸರಾದದ್ದು ದೇಶ ವಿಭಜನೆಯ ನಂತರ ದೆಹಲಿಯ ದರಿಯಾಗಂಜಿನಲ್ಲಿ ನಡೆದ ಮೋತಿ ಮಹಲ್‌ನಂಥ ರೆಸ್ಟೋರೆಂಟುಗಳಿಂದ. ಪಂಜಾಬಿನ ಮನೆಯಲ್ಲಿ ದಿನವೂ ಬೇಯುವುದು ಸಾದಾ ಬೇಳೆ, ಸೊಪ್ಪು, ರೊಟ್ಟಿ. ಕೆನೆ, ಬೆಣ್ಣೆ, ಗೋಡಂಬಿಯ ಗ್ರೇವಿ ಹೊರಗೆ ಉಣ್ಣುವ ಸಂಭ್ರಮಕ್ಕೆಂದು ರೂಪುಗೊಂಡ ಅಡುಗೆ. ಆ ಸಂಭ್ರಮ ಈಗ ವಾರಕ್ಕೆರಡು ಸಲ ಮನೆ ಬಾಗಿಲಿಗೇ ಪಾರ್ಸೆಲ್ಲಾಗಿ ಬರುತ್ತಿದೆ.

ಎಣ್ಣೆಗಿಂತಲೂ ದೊಡ್ಡ ಸಂಗತಿ ಅಳತೆ. ಜನರ ಮುಂದೆ ಹೆಚ್ಚು ಇಟ್ಟರೆ ಹೆಚ್ಚು ತಿನ್ನುತ್ತಾರೆ ಎಂಬುದು ಆಹಾರ ವಿಜ್ಞಾನದಲ್ಲಿ ಗಟ್ಟಿಯಾಗಿ ನಿಂತಿರುವ ಮಾತುಗಳಲ್ಲೊಂದು. 2015ರಲ್ಲಿ ಕಾಕ್ರೇನ್ ಸಂಸ್ಥೆಗಾಗಿ 72 ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ತಟ್ಟೆ, ಪೊಟ್ಟಣ, ಬಡಿಸುವ ಪ್ರಮಾಣ ದೊಡ್ಡದಾದಷ್ಟೂ ತಿನ್ನುವುದು ಹೆಚ್ಚುತ್ತದೆಂಬುದು ಸ್ಪಷ್ಟವಾಯಿತು. ನಮ್ಮಲ್ಲಿ ಇದಕ್ಕೆ ಇನ್ನೊಂದು ಬಲ ಸೇರುತ್ತದೆ. ಅನ್ನ ಚೆಲ್ಲುವುದು ಪಾಪ ಎಂದು ಕೇಳುತ್ತ ಬೆಳೆದವರು ನಾವು. ಹಸಿವನ್ನು ಕಂಡ ನಾಡು ಕಲಿಸಿದ ಒಳ್ಳೆಯ ಪಾಠ ಅದು, ಬಿಟ್ಟುಕೊಡುವಂಥದ್ದಲ್ಲ. ಆದರೆ ಎಲೆಯಲ್ಲಿ ಬಿಡಬಾರದೆಂಬ ನಡತೆಯುಳ್ಳವರ ಮುಂದೆ ಇಬ್ಬರಿಗಾಗುವ ಬಿರಿಯಾನಿ ಇಟ್ಟರೆ ಏನಾಗುತ್ತದೆ? ಮುಗಿಸಲೇಬೇಕೆಂಬ ಒತ್ತಾಯ ಅವರ ಒಳಗಿನಿಂದಲೇ ಹುಟ್ಟುತ್ತದೆ. ಅನ್ನವನ್ನು ಗೌರವಿಸುವ ಸಮಾಜಕ್ಕೆ ಸಣ್ಣ ಅಳತೆ ಇತರರಿಗಿಂತ ಹೆಚ್ಚು ಅಗತ್ಯ.

ಈ ಸಮಾಜವೇ ಹಿಂದೆ ಕಂಡುಕೊಂಡಿದ್ದ ಬಡಿಸುವ ಕ್ರಮವನ್ನು ಇಲ್ಲಿ ನೆನೆಯಬೇಕು. ಬಾಳೆಯೆಲೆಯ ಪಂಕ್ತಿಯಲ್ಲಿ ಯಾರೂ ಮೊದಲೇ ಪೂರ್ತಿ ಅಳತೆ ಗೊತ್ತುಮಾಡುವುದಿಲ್ಲ. ಉಪ್ಪು, ಕೋಸಂಬರಿ, ಪಲ್ಯ ಬೀಳುತ್ತವೆ, ಆಮೇಲೆ ಅನ್ನ, ಸಾರು, ಅದು ಮುಗಿದ ಮೇಲೆ ಹುಳಿ, ಕೊನೆಗೆ ಮಜ್ಜಿಗೆ. ಪ್ರತಿ ಸಾಲಿನಲ್ಲೂ ಬಡಿಸುವವರು ಕೇಳುತ್ತಾರೆ, ಉಣ್ಣುವವರು ಕೈ ಅಡ್ಡ ಹಿಡಿಯಬಹುದು. ನೆನೆಸಿದ ಹೆಸರುಬೇಳೆ, ಸೌತೆಕಾಯಿಯ ಕೋಸಂಬರಿ ಮೊದಲು ಬರುವುದಕ್ಕೆ ಇಂದಿನ ಸಂಶೋಧನೆಯ ಬೆಂಬಲವೂ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಾರ್ಬರಾ ರೋಲ್ಸ್ ಅವರ ತಂಡ 2004ರಲ್ಲಿ ತೋರಿಸಿದಂತೆ, ಕೊಬ್ಬು ಕಡಿಮೆಯಿರುವ ಹಸಿ ತರಕಾರಿಯನ್ನು ಮೊದಲು ತಿಂದವರು ಇಡೀ ಊಟದಲ್ಲಿ ಶೇ. 7ರಿಂದ 12ರಷ್ಟು ಕಡಿಮೆ ಕ್ಯಾಲೊರಿ ಉಂಡರು. ತೆಳು ಸೂಪನ್ನು ಮೊದಲು ಕುಡಿದವರಲ್ಲಿ ಇಳಿಕೆ ಸುಮಾರು ಶೇ. 20ರಷ್ಟಿತ್ತೆಂದು ಅದೇ ತಂಡದ 2007ರ ಪ್ರಯೋಗ ಹೇಳಿತು. ನೀರು, ನಾರು ತುಂಬಿದ ಆಹಾರ ಹೊಟ್ಟೆಯಲ್ಲಿ ಜಾಗ ಹಿಡಿದ ಮೇಲೆ ಅನ್ನ, ಎಣ್ಣೆಗೆ ಉಳಿಯುವ ಜಾಗ ಕಡಿಮೆ. ಹೋಟೆಲಿನಲ್ಲಿ ಈ ಕ್ರಮ ತಲೆಕೆಳಗಾಗಿದೆ. ಮೊದಲು ಬರುವುದು ಕರಿದ ಸ್ಟಾರ್ಟರ್. ತರಕಾರಿಯೆಂದರೆ ತಟ್ಟೆಯ ಅಂಚಿನ ನಾಲ್ಕು ಈರುಳ್ಳಿ ಚೂರು.

ಇದಕ್ಕೆ ತಕ್ಷಣ ಬರುವ ಆಕ್ಷೇಪ ನ್ಯಾಯವಾದದ್ದೇ. ಮದುವೆಯೂಟ ಉಂಡು ಯಾರಾದರೂ ತೆಳ್ಳಗಾಗಿದ್ದಾರೆಯೇ? ಹೋಳಿಗೆಯ ಮೇಲೆ ತುಪ್ಪ, ಅದರ ಮೇಲೆ ಉಪಚಾರದ ಬಲವಂತ. ಎಲೆಯೂಟದಲ್ಲಿ ಅತಿಯಾಗಿ ಉಂಡವರೇ ಹೆಚ್ಚು. ಇನ್ನೊಂದು ಆಕ್ಷೇಪವೂ ಇದೆ: ಅಳತೆಯ ಹಕ್ಕು ಉಣ್ಣುವವರದ್ದಾದರೆ ಸಾಕೆನ್ನುವುದಾದರೆ ಬಫೆಯಲ್ಲಿ ಅದು ಪೂರ್ತಿಯಾಗಿಯೇ ಇದೆಯಲ್ಲ, ಅಲ್ಲಿ ಜನ ಕಡಿಮೆ ತಿನ್ನುತ್ತಾರೆಯೇ? ಎರಡನ್ನೂ ಒಪ್ಪಿಯೇ ಉತ್ತರಿಸಬಹುದು. ಮದುವೆಯೂಟ ಅಪರೂಪದ ದಿನದ ಊಟ. ನಾನು ಎತ್ತಿ ಹಿಡಿಯುತ್ತಿರುವುದು ಅದರ ಭಕ್ಷ್ಯಗಳನ್ನಲ್ಲ, ಸ್ವಲ್ಪ ಸ್ವಲ್ಪವಾಗಿ ಕೇಳಿ ಬಡಿಸುವ ರೀತಿಯನ್ನು. ಬಫೆಯಲ್ಲಿ ದುಡ್ಡು ಮೊದಲೇ ಕೊಟ್ಟಾಗಿರುತ್ತದೆ, ಹತ್ತಾರು ಬಗೆ ಒಟ್ಟಿಗೇ ಕಣ್ಣ ಮುಂದಿರುತ್ತವೆ. ಒಂದೇ ರುಚಿಯಿಂದ ಬೇಗ ತಣಿಯುವ ನಾಲಿಗೆ ಬಗೆ ಹೆಚ್ಚಿದಂತೆ ಮತ್ತೆ ಚುರುಕಾಗುತ್ತದೆಂಬುದೂ ಪ್ರಯೋಗಗಳಲ್ಲಿ ಕಂಡ ಸತ್ಯ. ಅಂಥ ಕಡೆ ಆಯ್ಕೆ ಇದ್ದರೂ ಕಡಿಮೆ ಉಂಡವರಿಗೆ ನಷ್ಟವೇ. ಕಡಿಮೆ ಉಂಡವರು ಕಡಿಮೆ ಕೊಡುವಂತಿದ್ದಾಗ ಮಾತ್ರ ಆಯ್ಕೆ ನಿಜವಾದದ್ದು.

ಇಚ್ಛಾಶಕ್ತಿ ಇದ್ದವರಿಗೆ ಇದೆಲ್ಲ ಯಾಕೆ ಬೇಕು ಎನ್ನುವವರಿದ್ದಾರೆ. ಅವರ ಮಾತು ನಿಜವಾಗಿದ್ದರೆ ಇಷ್ಟು ಕಡಿಮೆ ಅವಧಿಯಲ್ಲಿ ಇಷ್ಟು ಜನರ ತೂಕ ಏರಬಾರದಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಅಧಿಕ ತೂಕದವರು 2015–16ರಲ್ಲಿ ನೂರಕ್ಕೆ ಸುಮಾರು 23 ಇದ್ದದ್ದು 2019–21ರ ಹೊತ್ತಿಗೆ ಸುಮಾರು 30ಕ್ಕೆ ಏರಿತು; ಗಂಡಸರದ್ದೂ ಹೆಚ್ಚುಕಡಿಮೆ ಇದೇ ಕತೆ. ನಾಲ್ಕೈದು ವರ್ಷಗಳಲ್ಲಿ ಒಂದು ರಾಜ್ಯದ ಜನರ ಮನಸ್ಸು ದುರ್ಬಲವಾಗುವುದಿಲ್ಲ. ಅವರ ಸುತ್ತಲಿನ ಆಹಾರ, ಕೆಲಸ, ಓಡಾಟ ಬದಲಾಗುತ್ತವೆ. ನಮ್ಮ ದೇಹದ ಪ್ರಕೃತಿಯೂ ಇಲ್ಲಿ ನೆರವಿಗೆ ಬರುವುದಿಲ್ಲ. ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್‌ಕಿನ್ 2004ರಲ್ಲಿ ತಮ್ಮಿಬ್ಬರ ದೇಹಗಳನ್ನೇ ಉದಾಹರಣೆಯಾಗಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ತೋರಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದ್ದೂ 22.3. ಆದರೆ ದೇಹದ ಕೊಬ್ಬು ಯುಡ್‌ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2. ಭಾರತೀಯರಿಗೆ ಅಧಿಕ ತೂಕದ ಗಡಿಯನ್ನು 25ರ ಬದಲು 23ಕ್ಕೆ ಇಳಿಸಿರುವುದು ಇಂಥ ಕಾರಣಕ್ಕೆ. ತೆಳ್ಳಗೆ ಕಾಣುವವರಲ್ಲೂ ಮಧುಮೇಹ ಬೇರು ಬಿಡುವ ನಾಡಿನಲ್ಲಿ ತಟ್ಟೆಯ ಅಳತೆ ಅಂದಚಂದದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿಲ್ಲ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮಾವಳಿಯಂತೆ ಕೇಂದ್ರ ಪರವಾನಗಿ ಉಳ್ಳ ಅಥವಾ 10 ಮತ್ತು ಅದಕ್ಕೂ ಹೆಚ್ಚು ಕಡೆ ಮಳಿಗೆಗಳಿರುವ ಹೋಟೆಲುಗಳು ಮೆನುವಿನಲ್ಲಿ ಪ್ರತಿ ತಿಂಡಿಯ ಕ್ಯಾಲೊರಿ ಬರೆಯಬೇಕು. ಒಳ್ಳೆಯ ಹೆಜ್ಜೆ, ಆದರೆ ಸಣ್ಣದು. ಬೀದಿಗೊಂದರಂತಿರುವ ದರ್ಶಿನಿ, ಮೆಸ್ಸು, ಖಾನಾವಳಿಗಳು ಈ ನಿಯಮದ ಹೊರಗೇ ಉಳಿಯುತ್ತವೆ. ಅಂಕಿ ಬರೆದರೂ ಫಲ ಅಲ್ಪ: 2025ರ ಕಾಕ್ರೇನ್ ಪರಿಶೀಲನೆಯ ಪ್ರಕಾರ ಕ್ಯಾಲೊರಿ ಬರಹದಿಂದ ಜನ ಆರಿಸುವ ಕ್ಯಾಲೊರಿ ಇಳಿಯುವುದು ಸರಾಸರಿ ಶೇ. 1.8, ಅಂದರೆ 600 ಕ್ಯಾಲೊರಿಯ ಊಟದಲ್ಲಿ 11. ತಿಳಿವಳಿಕೆ ಕೊಟ್ಟು ಅಳತೆಯನ್ನು ಹಾಗೆಯೇ ಬಿಟ್ಟರೆ ಆಗುವುದು ಇಷ್ಟೇ. ಇಷ್ಟು ಕ್ಯಾಲೊರಿ ಇದೆಯೆಂದು ಓದಿಕೊಂಡವರು ಸಣ್ಣದನ್ನು ಕೇಳಬೇಕೆಂದರೆ ಸಣ್ಣದು ಪಟ್ಟಿಯಲ್ಲಿ ಇರಬೇಕಲ್ಲ.

ಅದನ್ನು ಇಡುವುದು ನಮ್ಮ ಹೋಟೆಲುಗಳಿಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಬೆಂಗಳೂರಿನಲ್ಲಿ ಬೈಟು ಕಾಫಿ ಕೇಳಲು ಯಾರೂ ನಾಚುವುದಿಲ್ಲ, ಕೊಡಲು ಯಾರೂ ಮುಖ ಸಿಂಡರಿಸುವುದಿಲ್ಲ. ಸೂಪೂ ಬೈಟು ಆಗುತ್ತದೆ, ಒಂದೇ ಇಡ್ಲಿಯನ್ನು ಕೇಳಿ ಪಡೆಯಬಹುದು, ಪ್ಲೇಟ್ ಮೀಲ್ಸ್, ಮಿನಿ ಮೀಲ್ಸ್ ಎಂಬ ವಿಭಾಗಗಳೂ ಇವೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಾಗ ನಿಂತು ತಿನ್ನುವ ಹೋಟೆಲು ನಡೆದೀತೆಂದು ಎಷ್ಟು ಜನ ನಂಬಿರಬಹುದು? ಊರಿಗೆ ಊರೇ ಅದನ್ನು ತನ್ನದಾಗಿಸಿಕೊಂಡಿತು. ಫ್ರೈಡ್ ರೈಸ್, ಬಿರಿಯಾನಿ, ಗ್ರೇವಿ, ಕೇಸರಿಬಾತುಗಳಿಗೂ ಅರ್ಧ ಅಳತೆ ಬಂದರೆ ಅದೂ ರೂಢಿಯಾದೀತು. ಹೋಟೆಲಿನವರ ಕಷ್ಟ ಸುಳ್ಳಲ್ಲ: ಬಾಡಿಗೆ, ಕೂಲಿ, ಗ್ಯಾಸು ಅರ್ಧವಾಗುವುದಿಲ್ಲ, ಆದ್ದರಿಂದ ಅರ್ಧ ಅಳತೆಗೆ ಅರ್ಧಕ್ಕಿಂತ ಹೆಚ್ಚು ಬೆಲೆ ಇಡುವುದು ನ್ಯಾಯ, ಅದನ್ನು ಗೊಣಗದೆ ಕೊಡುವುದು ಗಿರಾಕಿಯ ಪಾಲಿನ ಕರ್ತವ್ಯ. ಮೈಮುರಿದು ದುಡಿಯುವವರಿಗೆ ಪೂರ್ತಿ ತಟ್ಟೆ ಬೇಕೇ ಬೇಕು. ಅದನ್ನು ಕಿತ್ತುಕೊಳ್ಳುವ ಮಾತು ಇಲ್ಲಿಲ್ಲ. ಎರಡೂ ಅಳತೆ ಪಕ್ಕಪಕ್ಕದಲ್ಲಿರಲಿ, ಆರಿಸುವವರು ತಮ್ಮ ಹಸಿವು ನೋಡಿ ಆರಿಸಲಿ.

ಆ ದಿನ ಬರುವವರೆಗೆ ತೂಕ ಇಳಿಸುವವರು ಹೋಟೆಲನ್ನು ಬಿಡಬೇಕಿಲ್ಲ, ಕೇಳುವುದನ್ನು ಕಲಿಯಬೇಕು. ಕೋಸಂಬರಿಯನ್ನೋ ಸಾರನ್ನೋ ಮೊದಲು ತರಿಸಿಕೊಳ್ಳಿ. ಕರಿದದ್ದಕ್ಕಿಂತ ಹಬೆಯದ್ದು, ಸುಟ್ಟದ್ದು ಮೇಲು. ಬೆಣ್ಣೆ ಹಚ್ಚದ ರೊಟ್ಟಿ, ಕೆನೆಯಿಲ್ಲದ ಬೇಳೆ, ಲಸ್ಸಿಯ ಬದಲು ಮಜ್ಜಿಗೆ ಎಲ್ಲ ಕಡೆಯೂ ಸಿಗುತ್ತವೆ. ಗ್ರೇವಿಯನ್ನು ಇಬ್ಬರು ಹಂಚಿಕೊಳ್ಳಿ. ಹೆಚ್ಚಾದೀತೆನಿಸಿದ್ದನ್ನು ಎಂಜಲಾಗುವ ಮೊದಲೇ ಕಟ್ಟಿಸಿಕೊಳ್ಳಿ, ಆಗ ಅನ್ನವೂ ಹಾಳಾಗದು. ಹೋಟೆಲು ನಡೆಸುವವರಲ್ಲಿ ಕೇಳಿಕೊಳ್ಳುವುದು ಒಂದೇ: ನಿಮ್ಮ ಬೆಲೆಪಟ್ಟಿಯಲ್ಲಿ ಅರ್ಧ ಅಳತೆಗೊಂದು ಕಾಲಂ ಸೇರಿಸಿ. ಕಾನೂನಿಗೆ ಕಾಯದೆ, ನಾಳೆ ಬೆಳಗ್ಗೆಯೇ ಮಾಡಬಹುದಾದ ಕೆಲಸ ಇದು. ಈ ಊರಿನ ಜನರ ಆರೋಗ್ಯಕ್ಕೆ ಅದಕ್ಕಿಂತ ಸುಲಭವಾದ ಉಪಕಾರ ಇನ್ನೊಂದಿಲ್ಲ.