ತುಂಡಾದ ನಕಲು ಕೆಟ್ಟ ನಕಲೆ?

ಕೊರಟಗೆರೆ ತಾಲ್ಲೂಕಿನ ಕೊಳಾಲದಲ್ಲಿ ಪರಿಚಿತರೊಬ್ಬರ ಮನೆಗೆ ನಾವು ಹೋಗಿದ್ದಾಗ ಕಂಡ ಒಂದು ಸಣ್ಣ ಸಂಗತಿಯಿಂದ ಈ ಮಾತನ್ನು ಆರಂಭಿಸುತ್ತೇವೆ. ಮನೆಯ ಯಜಮಾನರು ಹಿಂದೆ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಗ ಮಕ್ಕಳಿಗೆಂದು ಕಂಪ್ಯೂಟರ್ ಆಟದ ಡಿ.ವಿ.ಡಿ.ಯೊಂದನ್ನು ಕೊಂಡು ತಂದಿದ್ದರು. ಅದರ ಮೈಮೇಲೆ ಗೀರುಗಳು ಹೆಚ್ಚುತ್ತಿದ್ದುದನ್ನು ಕಂಡು ಮಗನು ಅದರ ನಕಲನ್ನು ತೆಗೆದಿಟ್ಟನು. ನಕಲು ಪೆನ್ ಡ್ರೈವಿಗೆ ಹೋಗಲೊಲ್ಲದೆ ಇದ್ದುದರಿಂದ ಅದನ್ನು ಹನ್ನೆರಡು ತುಂಡು ಮಾಡಿದನು. ಕೆಲವು ವರ್ಷಗಳ ಮೇಲೆ ಆ ತುಂಡುಗಳನ್ನು ಕೂಡಿಸಿ ಆಟವನ್ನು ಹೊಸ ಯಂತ್ರಕ್ಕೆ ಇಳಿಸಹೊರಟಾಗ ಕೆಲಸ ನಡುವೆಯೇ ನಿಂತಿತು. ಫೈಲು ಕೆಟ್ಟಿದೆಯೆಂದು ಯಂತ್ರ ತಿಳಿಸಿತು. ಅಷ್ಟರಲ್ಲಿ ಮೂಲ ಡಿಸ್ಕು ಓದಲು ಬಾರದಷ್ಟು ಹಾಳಾಗಿತ್ತು. “ತುಂಡು ಮಾಡಿದ್ದಕ್ಕೇ ಕೆಟ್ಟುಹೋಯ್ತು ಸಾರ್, ಎಲ್ಲಾ ಅಳಿಸಿಬಿಡ್ತೀನಿ” ಎಂದು ಹುಡುಗನು ನಿರಾಶೆಯಿಂದ ನುಡಿದನು. ಸ್ವಲ್ಪ ತಾಳೆಂದು ನಾವು ಹೇಳಬೇಕಾಯಿತು.

ಹೀಗೆ ದುಡುಕುವವನು ಅವನೊಬ್ಬನೇ ಅಲ್ಲ. ತುಂಡಾಗಿರುವುದನ್ನೇ ದೋಷವೆಂದು ಎಣಿಸಿ ಒಳ್ಳೆಯ ನಕಲನ್ನು ಅಳಿಸಿಬಿಡುವವರು ಹಲವರುಂಟು. ತುಂಡು ಏಕಾಯಿತೆಂಬುದನ್ನು ಮೊದಲು ತಿಳಿಯಬೇಕು. ಕೂಡಿಸಿದ ನಕಲು ಮೂಲಕ್ಕೆ ಸರಿಹೊಂದುವುದೆಂದು ಪರೀಕ್ಷೆಯಿಂದ ಗೊತ್ತಾಗುವ ತನಕ ಯಾವುದನ್ನೂ ಅಳಿಸಬಾರದು. ಇದು ನಮ್ಮ ಖಚಿತವಾದ ಅಭಿಪ್ರಾಯ.

ಡಿ.ವಿ.ಡಿ.ಯ ಮೇಲಿನ ಮಾಹಿತಿಯೆಲ್ಲ ಸೆಕ್ಟರುಗಳೆಂಬ ಸಣ್ಣ ಮನೆಗಳಲ್ಲಿ ಸಾಲಾಗಿ ತುಂಬಿರುತ್ತದೆ. ಒಂದೊಂದು ಮನೆಯಲ್ಲಿ 2048 ಬೈಟುಗಳಷ್ಟು ಮಾಹಿತಿಯಿರುತ್ತದೆ. ಮೊದಲ ಮನೆಯಿಂದ ಕೊನೆಯ ಮನೆಯವರೆಗೆ ಕ್ರಮ ತಪ್ಪದೆ ಎಲ್ಲವನ್ನೂ ಒಂದೇ ಫೈಲಿಗೆ ಇಳಿಸಿಕೊಂಡರೆ ಅದಕ್ಕೆ ಇಮೇಜ್ ಫೈಲು ಎನ್ನುತ್ತಾರೆ. ಒಂದು ಪದರದ ಡಿ.ವಿ.ಡಿ. ಪೂರ್ಣ ತುಂಬಿದ್ದರೆ ಈ ಫೈಲು ಸುಮಾರು 470 ಕೋಟಿ ಬೈಟುಗಳಾಗುತ್ತದೆ. ಆದರೆ ಅನೇಕ ಪೆನ್ ಡ್ರೈವುಗಳನ್ನು ಫ್ಯಾಟ್ 32 ಎಂಬ ಪದ್ಧತಿಯಲ್ಲಿ ಸಿದ್ಧಪಡಿಸಿರುತ್ತಾರೆ. ಈ ಪದ್ಧತಿಯಲ್ಲಿ ಫೈಲಿನ ಗಾತ್ರವನ್ನು ಬರೆದಿಡಲು 32 ಬಿಟ್ಟುಗಳಷ್ಟೇ ಸ್ಥಳವಿರುವುದರಿಂದ ಯಾವ ಫೈಲೂ 4,29,49,67,295 ಬೈಟುಗಳನ್ನು ಮೀರುವಂತಿಲ್ಲ. ಪೆನ್ ಡ್ರೈವಿನಲ್ಲಿ ಎಷ್ಟೇ ಸ್ಥಳ ಉಳಿದಿದ್ದರೂ ಈ ಮಿತಿ ತಪ್ಪದು. ಆದುದರಿಂದ ನಕಲನ್ನು ತುಂಡು ಮಾಡಬೇಕಾಗುತ್ತದೆ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಪದ್ಧತಿಯಲ್ಲಿ ಸಿದ್ಧಪಡಿಸಿದ ಪೆನ್ ಡ್ರೈವಾದರೆ ಈ ತೊಡಕೇ ಇರುವುದಿಲ್ಲ.

ಇನ್ನೊಂದು ಬಗೆಯ ತುಂಡುಗಳಿವೆ. ಅವನ್ನು ಕೂಡಿಸಲೇ ಬಾರದು. 1994ರಲ್ಲಿ ಜಪಾನಿನಲ್ಲಿ ಹೊರಬಂದ ಪ್ಲೇಸ್ಟೇಷನ್, ಸೆಗಾ ಸ್ಯಾಟರ್ನ್ ಯಂತ್ರಗಳ ಆಟಗಳು ಸಿ.ಡಿ.ಯಲ್ಲಿ ಬರುತ್ತಿದ್ದುವು. ಅವುಗಳಲ್ಲಿ ಹಲವಕ್ಕೆ ಮೊದಲ ಭಾಗದಲ್ಲಿ ಆಟದ ಮಾಹಿತಿಯೂ ಮುಂದಿನ ಭಾಗಗಳಲ್ಲಿ ಸಂಗೀತವೂ ಇರುತ್ತಿತ್ತು. ನಕಲು ತೆಗೆಯುವಾಗ ಒಂದೊಂದು ಭಾಗಕ್ಕೆ ಒಂದೊಂದು ‘ಬಿನ್’ ಫೈಲು, ಜೊತೆಗೆ ‘ಕ್ಯೂ’ ಎಂಬ ಚಿಕ್ಕ ಫೈಲು ಹುಟ್ಟುವುದುಂಟು. ಈ ಕ್ಯೂ ಫೈಲು ಪುಸ್ತಕದ ವಿಷಯಸೂಚಿಕೆಯಿದ್ದಂತೆ: ಯಾವ ಭಾಗ ಯಾವ ಫೈಲಿನಲ್ಲಿದೆ, ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅದು ತಿಳಿಸುತ್ತದೆ. ಬಿನ್ ಫೈಲಿನ ಹೆಸರನ್ನು ಬದಲಾಯಿಸಿದರೆ ಸೂಚಿಕೆಗೂ ಫೈಲಿಗೂ ಇದ್ದ ಸಂಬಂಧ ಕಡಿದು ಆಟ ತೆರೆಯದೆ ಹೋಗುತ್ತದೆ. ಆಗ ಕ್ಯೂ ಫೈಲನ್ನು ಸಾಮಾನ್ಯ ಬರವಣಿಗೆಯ ಫೈಲಿನಂತೆ ತೆರೆದು ಅದರಲ್ಲಿರುವ ಹೆಸರುಗಳನ್ನು ಸರಿಪಡಿಸಿದರೆ ಸಾಕು.

ಈಗ ಕೊಳಾಲದ ಹುಡುಗನ ತೊಡಕಿಗೆ ಬರೋಣ. ಅವನ ಹನ್ನೊಂದು ತುಂಡುಗಳು ತಲಾ 40 ಕೋಟಿ ಬೈಟುಗಳಷ್ಟಿದ್ದು, ಕೊನೆಯದು ಮಾತ್ರ ಚಿಕ್ಕದಾಗಿತ್ತು. ಇದು ಸಹಜವೇ. ನಡುವಿನ ತುಂಡೊಂದು ಚಿಕ್ಕದಾಗಿದ್ದರೆ ನಕಲು ಮಾಡುವಾಗಲೇ ಏನೋ ತಪ್ಪಿದೆಯೆಂದು ಅನುಮಾನಿಸಬಹುದಾಗಿತ್ತು. ಕೂಡಿಸಿದ ಫೈಲಿನ ಗಾತ್ರವೂ ಸರಿಯಾಗಿಯೇ ಇತ್ತು. ತಪ್ಪು ಇದ್ದುದು ಜೋಡಣೆಯ ಕ್ರಮದಲ್ಲಿ. ತುಂಡುಗಳಿಗೆ 1, 2, 3 ಎಂದು ಬರಿಯ ಅಂಕಿಗಳನ್ನು ಇಟ್ಟಿದ್ದನು. ಜೋಡಿಸುವ ಆದೇಶವಾದರೋ ಅವನ್ನು ಅಕ್ಷರಕ್ರಮದಲ್ಲಿ ತೆಗೆದುಕೊಂಡು 1ರ ತರುವಾಯ 10, 11, 12ನ್ನು ಸೇರಿಸಿ ಆಮೇಲೆ 2ಕ್ಕೆ ಬಂದಿತ್ತು. ಮೊದಲ ತುಂಡು ಸ್ವಸ್ಥಾನದಲ್ಲಿದ್ದುದರಿಂದ ಯಂತ್ರ ಡಿಸ್ಕನ್ನು ಗುರುತಿಸಿತು. ಮುಂದಿನ ಮಾಹಿತಿ ಸ್ಥಾನ ತಪ್ಪಿದ್ದುದರಿಂದ ನಡುವೆ ನಿಂತಿತು. 01, 02 ಎಂದು ಹೆಸರಿಟ್ಟು ಮತ್ತೆ ಕೂಡಿಸಿದೊಡನೆ ಆಟ ಯಂತ್ರಕ್ಕೆ ಇಳಿಯಿತು. ತುಂಡುಗಳನ್ನು ಅಳಿಸಿದ್ದರೆ ಆ ಮನೆಯಲ್ಲಿ ಆ ಆಟದ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನಮ್ಮ ಹಿರಿಯರು ಓಲೆಗರಿಗಳಿಗೆ ಅಂಕಿ ಹಾಕಿ ದಾರ ಪೋಣಿಸುತ್ತಿದ್ದುದೂ ಇದಕ್ಕಾಗಿಯೇ ಅಲ್ಲವೆ? ದಾರ ಹರಿದರೂ ಅಂಕಿಯಿದ್ದರೆ ಕಟ್ಟು ಮತ್ತೆ ಕೂಡುತ್ತದೆ.

ವಿಂಡೋಸಿನ ‘ಕಾಪಿ’ ಆದೇಶದಿಂದ ಕೂಡಿಸುವವರು ಇನ್ನೊಂದು ಎಚ್ಚರ ವಹಿಸಬೇಕು. ಆದೇಶದೊಡನೆ ಓರೆಗೆರೆ ಹಾಕಿ ‘ಬಿ’ ಅಕ್ಷರವನ್ನು ಸೇರಿಸದಿದ್ದರೆ ಅದು ಫೈಲುಗಳನ್ನು ಬರಿಯ ಬರವಣಿಗೆಯೆಂದು ಭಾವಿಸುತ್ತದೆ. 26 ಎಂಬ ಬೆಲೆಯ ಬೈಟು ಸಿಕ್ಕಿದೊಡನೆ ಫೈಲು ಮುಗಿಯಿತೆಂದು ತಿಳಿದು ಉಳಿದುದನ್ನು ಬಿಟ್ಟುಬಿಡುತ್ತದೆ. ಕೂಡಿಸಿದ ಫೈಲು ತುಂಡುಗಳ ಮೊತ್ತಕ್ಕಿಂತ ತೀರ ಚಿಕ್ಕದಾಗಿದ್ದರೆ ಇದೇ ಕಾರಣವೆಂದು ಊಹಿಸಬಹುದು.

ಗಾತ್ರ ಸರಿಯಿದ್ದ ಮಾತ್ರಕ್ಕೆ ನಕಲು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಶೇಂಗಾ ಮೂಟೆಯ ತೂಕ ಸರಿಯಿದ್ದರೂ ಒಳಗೆ ಮಣ್ಣಿರಬಹುದು. ಇದಕ್ಕೆ ತಕ್ಕ ಪರೀಕ್ಷೆಯೊಂದಿದೆ. ಫೈಲಿನ ಎಲ್ಲ ಬೈಟುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು ‘ಎಸ್‌ಎಚ್‌ಎ-256’ ಎಂಬ ವಿಧಾನವು 64 ಚಿಹ್ನೆಗಳ ಒಂದು ಸಂಖ್ಯೆಯನ್ನು ಕೊಡುತ್ತದೆ. ಒಂದೇ ಬಿಟ್ಟು ಬದಲಾದರೂ, ತುಂಡುಗಳ ಕ್ರಮ ತಪ್ಪಿದರೂ, ಬರುವ ಸಂಖ್ಯೆ ಬೇರೆಯಾಗಿರುತ್ತದೆ. ವಿಂಡೋಸಿನಲ್ಲಿ ‘ಸರ್ಟ್‌ಯುಟಿಲ್’ ಎಂಬ ಸಾಧನದಿಂದ, ಹೊಸದಾಗಿ ಏನನ್ನೂ ಕೊಳ್ಳದೆ, ಇದನ್ನು ಪಡೆಯಬಹುದು. ತುಂಡು ಮಾಡುವ ಮೊದಲು ಈ ಸಂಖ್ಯೆಯನ್ನು ಬರೆದಿಟ್ಟು, ಕೂಡಿಸಿದ ಮೇಲೆ ಮತ್ತೊಮ್ಮೆ ತೆಗೆದು ಹೋಲಿಸಬೇಕು. ಮೂಲ ಡಿಸ್ಕನ್ನೇ ಎರಡು ಸಲ ಓದಿಸಿ ಎರಡು ಸಂಖ್ಯೆಗಳನ್ನು ಹೋಲಿಸುವುದು ಇನ್ನೂ ಲೇಸು. ಅವು ಬೇರೆ ಬೇರೆಯಾದರೆ ದೋಷ ಓದುವುದರಲ್ಲೇ ಇದೆ. ಡಿಸ್ಕನ್ನು ಮೃದುವಾದ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಬೇರೊಂದು ಡ್ರೈವಿನಲ್ಲಿ ಓದಿಸಿ ನೋಡಬೇಕು. ಓದಿ ಬಾರದ ಸೆಕ್ಟರನ್ನು ಯಾವ ಜೋಡಣೆಯೂ ಹುಟ್ಟಿಸಲಾರದು.

ಇಷ್ಟೆಲ್ಲ ಆಟದ ಡಿಸ್ಕಿಗಾಗಿಯೆ ಎಂದು ಕೆಲವರು ನಗಬಹುದು. ಹಣ ಕೊಟ್ಟು ಕೊಂಡ ವಸ್ತುವನ್ನು ಕಾಪಾಡಿಕೊಳ್ಳುವುದು ನಗುವ ವಿಷಯವಲ್ಲ. ಭಾರತದ 1957ರ ಕೃತಿಸ್ವಾಮ್ಯ ಅಧಿನಿಯಮದ 52ನೆಯ ಪ್ರಕರಣವು ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಪಡೆದವನಿಗೆ, ನಷ್ಟ ಅಥವಾ ಹಾನಿಯಿಂದ ರಕ್ಷಣೆಗೆಂದು ಮಾತ್ರ, ನಕಲು ಇಟ್ಟುಕೊಳ್ಳಲು ಅವಕಾಶವನ್ನು ಕೊಟ್ಟಿದೆ. ನಕಲನ್ನು ಮಾರುವುದಕ್ಕಾಗಲಿ ಹಂಚುವುದಕ್ಕಾಗಲಿ ಈ ಅವಕಾಶ ಸಲ್ಲದು.

ಮದುವೆಯ ಚಿತ್ರಗಳು, ತೀರಿಕೊಂಡ ಹಿರಿಯರ ಧ್ವನಿ, ಜಮೀನಿನ ಕಾಗದಪತ್ರಗಳ ಚಿತ್ರಗಳು, ಇವೂ ಅನೇಕ ಮನೆಗಳಲ್ಲಿ ಇಂಥ ಡಿಸ್ಕುಗಳಲ್ಲೇ ಉಳಿದಿವೆ. ಡಿಸ್ಕು ಓದುವ ಡ್ರೈವಾದರೋ ಹೊಸ ಕಂಪ್ಯೂಟರುಗಳಲ್ಲಿ ಅಪರೂಪವಾಗಿದೆ. ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಉಪಾಧ್ಯಾಯರು ನಕಲು ತೆಗೆಯುವುದರೊಡನೆ ಅದನ್ನು ಪರೀಕ್ಷಿಸುವುದನ್ನೂ ಕಲಿಸಬೇಕೆಂದು ನಾವು ಕೇಳಿಕೊಳ್ಳುತ್ತೇವೆ. ಅದಕ್ಕೆ ಒಂದು ಪಾಠದ ಹೊತ್ತು ಸಾಕು. ಆಟದ ಡಿಸ್ಕಿನಲ್ಲಿ ಈ ಅಭ್ಯಾಸವನ್ನು ಮಾಡಿಕೊಂಡ ಮಕ್ಕಳು ನಾಳೆ ಮನೆಯ ಕಾಗದಪತ್ರಗಳನ್ನೂ ಹಾಗೆಯೇ ಉಳಿಸಿಕೊಳ್ಳಬಲ್ಲರು.